ಇನ್ನೂ ಮೊದಲೇ ಕರ್ಕೊಂಡು ಬರಬೇಕಿತ್ತಾ, ಡಾಕ್ಟ್ರೇ?

ಸಾಕಿದ ನಾಯಿ ತೀರಿಹೋದ ಮೂರ್ನಾಲ್ಕು ದಿನಕ್ಕೆ ಮನೆಯವರು ಫೋನ್ ಮಾಡುತ್ತಾರೆ. ಉಳಿದ ಮಾತ್ರೆ ಏನು ಮಾಡೋದು ಅಂತಲೋ, ಬಿಲ್ ಬಗ್ಗೆಯೋ ಏನೋ ಒಂದು ನೆಪ ಇರುತ್ತದೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: 'ಒಂದು ವಾರ ಮೊದಲೇ ಕರ್ಕೊಂಡು ಬಂದಿದ್ರೆ ಉಳೀತಿತ್ತಾ ಡಾಕ್ಟ್ರೇ?' ಪಶುವೈದ್ಯೆಯಾಗಿ ನಾನು ತುಂಬಾ ಕೇಳಿಸಿಕೊಂಡಿರುವ ಪ್ರಶ್ನೆ ಇದು. ದುಃಖಕ್ಕಿಂತ ಇದರಲ್ಲಿ 'ತಪ್ಪು ನನ್ನದೇ' ಅನ್ನುವ ಸಂಕಟ ಜಾಸ್ತಿ. ರಾತ್ರಿ ನಿದ್ದೆ ಕೆಡಿಸುವುದೂ ಅದೇ.

ಹಾಗಾಗಿ ಮೊದಲು ಕಾಯಿಲೆಯ ವಿಷಯ ಹೇಳಿಬಿಡುತ್ತೇನೆ. ಪ್ರಾಣಿಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ಬೆಕ್ಕಂತೂ ಕೊನೆವರೆಗೂ ಬಚ್ಚಿಡುತ್ತದೆ. ಕಿಡ್ನಿ ಸುಮಾರು ಮುಕ್ಕಾಲು ಭಾಗ ಕೆಟ್ಟ ಮೇಲೆಯೇ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಏರುವುದು. ಅಲ್ಲಿವರೆಗೆ ಬೆಕ್ಕು ತಿನ್ನುತ್ತದೆ, ಕಿಟಕಿ ಹತ್ತಿ ಕೂರುತ್ತದೆ, ಸ್ವಲ್ಪ ಜಾಸ್ತಿ ನೀರು ಕುಡಿಯುತ್ತದೆ ಅಷ್ಟೇ. ದೊಡ್ಡ ತಳಿಯ ನಾಯಿಗಳಲ್ಲಿ ಗುಲ್ಮಕ್ಕೆ (ಹೊಟ್ಟೆಯೊಳಗಿನ ಸ್ಪ್ಲೀನ್) ಬರುವ ಒಂದು ಕ್ಯಾನ್ಸರ್ ಇದೆ. ಬೆಳಗ್ಗೆ ವಾಕಿಂಗ್ ಮುಗಿಸಿ ಬಂದ ನಾಯಿ ಸಂಜೆ ಹೊತ್ತಿಗೆ ಕುಸಿದು ಬೀಳುತ್ತದೆ, ಯಾಕೆಂದರೆ ಗಡ್ಡೆ ಒಡೆದು ಹೊಟ್ಟೆಯೊಳಗೇ ರಕ್ತ ಸೋರಿರುತ್ತದೆ. ರಕ್ತಪರೀಕ್ಷೆಯಲ್ಲೇ ಕಾಣದ್ದು ನಿಮ್ಮ ಕಣ್ಣಿಗೆ ಹೇಗೆ ಕಾಣಬೇಕಿತ್ತು?

ಇದಕ್ಕಿಂತ ಭಾರವಾದದ್ದು ದಯಾಮರಣದ ಇಂಜೆಕ್ಷನ್ ಕೊಡಿಸಿದವರ ಮಾತು. 'ನಾನೇ ಸಹಿ ಹಾಕಿದೆ, ನಾನೇ ಸಾಯಿಸಿದೆ.' ಅಲ್ಲಿ ಏನು ನಡೆಯುತ್ತದೆ ಅಂತ ಮೊದಲೇ ತಿಳಿದಿದ್ದರೆ ಈ ಸಂಕಟ ಸ್ವಲ್ಪ ಕಮ್ಮಿಯಾಗುತ್ತದೆ. ಮೊದಲು ಮಂಪರಿನ ಔಷಧಿ ಕೊಡುತ್ತೇವೆ. ಗಾಢ ನಿದ್ದೆಗೆ ಹೋದ ಮೇಲೆ ಅರಿವಳಿಕೆ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತೇವೆ. ಮೊದಲು ಪ್ರಜ್ಞೆ ಪೂರ್ತಿ ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ. ಎಲ್ಲ ಮುಗಿದ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು, ಕಾಲು ಅದುರಬಹುದು, ಮೂತ್ರ ಹೋಗಬಹುದು. ಇದನ್ನು ನೋಡಿ 'ಇನ್ನೂ ಜೀವ ಇತ್ತು, ನೋವಾಗ್ತಿತ್ತು' ಅಂದುಕೊಂಡು ವರ್ಷಗಟ್ಟಲೆ ಕೊರಗಿದವರಿದ್ದಾರೆ. ಅದು ಸ್ನಾಯುಗಳ ಕೊನೆಯ ಚಲನೆ, ಅಷ್ಟೇ. ನೋವು ತಿಳಿಯುವ ಮೆದುಳು ಆ ಹೊತ್ತಿಗೆ ನಿಂತಿರುತ್ತದೆ. ನಿಮ್ಮ ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ, ಕೇಳುವುದು ನಿಮ್ಮ ಹಕ್ಕು. ಹತ್ತಿರ ಇರಲು ಆಗದಿದ್ದರೆ ಮಂಪರು ಬರುವವರೆಗೆ ತಲೆ ಸವರುತ್ತಿದ್ದು ಹೊರಗೆ ಹೋಗಿ. ಅದೇನೂ ಕೈಬಿಟ್ಟಂತಲ್ಲ.

ಇನ್ನು ಊರವರ ಮಾತು. 'ಒಂದು ನಾಯಿಗೆ ಇಷ್ಟೊಂದು ಅಳ್ತಾರಾ? ಇನ್ನೊಂದು ತಂದ್ರಾಯ್ತಪ್ಪ.' ನನಗೆ ಇದು ಕೇಳಿದರೆ ಸಿಟ್ಟೇ ಬರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949-50ರಲ್ಲಿ ನೆಟ್ಟ ಒಂದು ಕಲ್ಲಿನ ಶಾಸನ ಇದೆ. ಗಂಗರ ದೊರೆ ಬೂತುಗನ ಕಡೆಯ ವೀರ ಮಣಲೇರ, ಚೋಳರ ಮೇಲಿನ ತಕ್ಕೋಲದ ಯುದ್ಧ ಗೆದ್ದ ಮೇಲೆ ಬಹುಮಾನವಾಗಿ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ, ಅದನ್ನು ಕೊಂದು, ತಾನೂ ಸತ್ತಿತು. ಮಣಲೇರ ದೇವಸ್ಥಾನದ ಎದುರು ಕಲ್ಲು ನೆಡಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಆದರೆ ನೋಡಿ. ಸಾವಿರ ವರ್ಷದ ಹಿಂದೆ ಯುದ್ಧ ಮಾಡಿ ಬಂದ ಗಂಡಸಿಗೆ ನಾಯಿಗಾಗಿ ಸಂಕಟಪಡಲು ನಾಚಿಕೆ ಆಗಿರಲಿಲ್ಲ, ನಿಮಗ್ಯಾಕೆ ಆಗಬೇಕು?

ಮಕ್ಕಳಿಗೆ ನಿಜ ಹೇಳಿ. 'ತೋಟಕ್ಕೆ ಕಳಿಸಿದ್ವಿ' ಅಂದರೆ ಮಗು ಕಾಯುತ್ತದೆ. ತನ್ನನ್ನೂ ಹೀಗೇ ಕಳಿಸಿಬಿಡ್ತಾರಾ ಅಂತ ಹೆದರಲೂಬಹುದು. 'ಸತ್ತು ಹೋಯ್ತು, ವಾಪಸ್ ಬರಲ್ಲ, ನಿನ್ನಿಂದ ಆಗಿದ್ದಲ್ಲ' ಅಂತ ಹೇಳಿ. ಮೂರ್ನಾಲ್ಕು ವರ್ಷದ ಮಗು ನಾಳೆ ಮತ್ತೆ ಅದನ್ನೇ ಕೇಳುತ್ತದೆ, ಮತ್ತೆ ಹೇಳಿ.

ಮನೆಯಲ್ಲಿ ಇನ್ನೊಂದು ಪ್ರಾಣಿ ಇದ್ದರೆ ಅದರ ಊಟ ಗಮನಿಸಿ. ನಾಯಿ ಒಂದೆರಡು ದಿನ ಮಂಕಾಗಿ ಮತ್ತೆ ಸರಿಹೋಗಬಹುದು, ಆದರೆ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ಅದರ ಲಿವರ್‌ನಲ್ಲಿ ಕೊಬ್ಬು ತುಂಬಿ ಅದೂ ಅಪಾಯಕ್ಕೆ ಬೀಳುತ್ತದೆ. ಪಾರ್ವೊ ಅನ್ನುವ ವೈರಸ್ ಕಾಯಿಲೆಯಿಂದ ನಾಯಿಮರಿ ಸತ್ತ ಮನೆಗೆ ಹೊಸ ಮರಿ ತರುವ ಮುಂಚೆ ಡಾಕ್ಟರನ್ನು ಕೇಳಿ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್ ಹಾಕಿ ಒರೆಸಿದರೆ ಹೋಗುವುದಿಲ್ಲ. ಕಾಯಿಲೆ ಬೇರೆಯಾಗಿದ್ದರೂ ಅವಸರ ಬೇಡ. ಹಳೆಯ ಹೆಸರನ್ನೇ ಹೊಸ ಮರಿಗೆ ಇಟ್ಟು, ಅದು ಹಳೆಯ ನಾಯಿಯಂತೆ ಇಲ್ಲ ಅಂತ ಬೇಸರಪಟ್ಟವರನ್ನು ನೋಡಿದ್ದೇನೆ, ಪಾಪ ಆ ಮರಿ.

ವಾಕಿಂಗ್ ಹೊತ್ತಿಗೆ, ಗೇಟು ತೆಗೆಯುವಾಗ ಅಳು ಬಂದರೆ ಬರಲಿ. ತಟ್ಟೆ, ಬೆಲ್ಟು ಎತ್ತಿಡಲು ಮನಸ್ಸಾದಾಗ ಎತ್ತಿಡಿ. ವಾರಗಟ್ಟಲೆ ಊಟ, ನಿದ್ದೆ, ಕೆಲಸ ಯಾವುದೂ ಆಗುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸುಮ್ನೆ ಕೂರಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಒಂದು ಸಣ್ಣ ವಿಷಯ. ವ್ಯಾಕ್ಸಿನ್ ದಿನ ಹತ್ತಿರ ಬಂದಾಗ ಕ್ಲಿನಿಕ್‌ಗಳಿಂದ ನಾಯಿಯ ಹೆಸರು ಹಾಕಿ ಮೆಸೇಜ್ ಬರುತ್ತದೆ, ಸತ್ತು ಆರು ತಿಂಗಳಾದ ಮೇಲೂ. ಬೇರೆ ಆಸ್ಪತ್ರೆಯಲ್ಲೋ ಮನೆಯಲ್ಲೋ ಹೋಗಿದ್ದರೆ ನಮಗೆ ತಿಳಿದೇ ಇರುವುದಿಲ್ಲ. ನಿಮಗೆ ಹೇಳಲು ಆಗದಿದ್ದರೆ ಮನೆಯ ಬೇರೆ ಯಾರಾದರೂ ಒಂದು ಫೋನ್ ಮಾಡಲಿ, ತೆಗೆದುಹಾಕುತ್ತೇವೆ.