ಶಿಶಿಕ್ಷುವಿನಿಂದ ಇಂಟರ್ನ್‌ವರೆಗೆ

ಯುವನಿಧಿ, ಶಿಶಿಕ್ಷು (ಅಪ್ರೆಂಟಿಸ್) ತರಬೇತಿ, ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಮೂರನ್ನೂ ಒಂದೇ ಎಂದು ತಿಳಿದು ಮೈಸೂರಿನ ಸೈಬರ್ ಸೆಂಟರುಗಳಿಗೆ ಬರುವ ಯುವಕರು ಕಡಿಮೆಯೇನಿಲ್ಲ. ಯುವನಿಧಿಯೆಂಬುದು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ರಾಜ್ಯ ಸರ್ಕಾರ ಕೊಡುವ ಭತ್ಯೆ. ಅದಕ್ಕಾಗಿ ಯಾವ ಕಾರ್ಖಾನೆಯ ಗೇಟಿನೊಳಗೂ ಕಾಲಿಡಬೇಕಿಲ್ಲ. ಉಳಿದೆರಡರಲ್ಲಿ ಬೆಳಿಗ್ಗೆ ಹೋಗಿ ಸಂಜೆಯವರೆಗೆ ಕೆಲಸ ಮಾಡಬೇಕು, ಆದರೆ ಹಾಗೆ ಮಾಡಿದವನನ್ನು ಕಾರ್ಮಿಕ ಎಂದು ಕರೆಯುವುದಿಲ್ಲ. ಈ ಗೊಂದಲದ ಬೇರು ಹಳೆಯದು.

ಎರಡನೇ ಮಹಾಯುದ್ಧ ಮುಗಿದು ಊರಿಗೆ ಮರಳಿದ ಸೈನಿಕರಿಗೆ ದಾರಿ ತೋರಿಸಲೆಂದು 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದವು. 1959ರ ಕಾಯ್ದೆಯು ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಅದರ ಬೆನ್ನಿಗೇ ಶಿಶಿಕ್ಷು ಕಾಯ್ದೆ 1961 ಬಂತು. ಇಂದಿನ ಗೊಂದಲವೆಲ್ಲ ಈ ಕೊನೆಯ ಕಾಯ್ದೆಯ ಎರಡು ಕಲಮುಗಳ ಸುತ್ತಲೇ ತಿರುಗುತ್ತಿದೆ. 18ನೇ ಕಲಮಿನ ಪ್ರಕಾರ ಶಿಶಿಕ್ಷು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಕೈಗೆ ಪೆಟ್ಟಾದರೆ ಪರಿಹಾರ ಉಂಟು, ಭವಿಷ್ಯನಿಧಿ ಇಲ್ಲ. 22ನೇ ಕಲಮಿನ ಪ್ರಕಾರ ತರಬೇತಿ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕನಿಗಿರಲಿಲ್ಲ.

ಆದರೂ ಆ ಕಾಲದಲ್ಲಿ ಇದು ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲ, ಏಕೆಂದರೆ ಗೇಟಿನ ಒಳಗೆ ಜಾಗವಿತ್ತು. ಮೈಸೂರಿನ ಯಾದವಗಿರಿಯಲ್ಲಿ ಜಾವಾ ಮೋಟರ್‌ಸೈಕಲ್ ತಯಾರಾಗುತ್ತಿತ್ತು, ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು, ಮೇಟಗಳ್ಳಿ, ಹೆಬ್ಬಾಳು, ಹೂಟಗಳ್ಳಿ ಕಡೆ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು. ಐಟಿಐಯಲ್ಲಿ ಫಿಟ್ಟರ್ ಅಥವಾ ಟರ್ನರ್ ಓದಿದ ಮಂಡ್ಯದ ಹುಡುಗ ಬೆಳಗಿನ ಪ್ಯಾಸೆಂಜರ್ ರೈಲಿಗೆ ಪಾಸ್ ಮಾಡಿಸಿಕೊಂಡು, ಸ್ಟೀಲ್ ಡಬ್ಬಿಯಲ್ಲಿ ಮುದ್ದೆಯ ಬದಲು ಚಿತ್ರಾನ್ನ ಕಟ್ಟಿಸಿಕೊಂಡು ಅಪ್ರೆಂಟಿಸ್‌ಗೆ ಹೋಗಿಬರುತ್ತಿದ್ದ. ಸ್ಟೈಪೆಂಡ್ ರೈಲು ಪಾಸಿಗೂ ಕಾಫಿಗೂ ಸಾಕಾದರೆ ಹೆಚ್ಚು. ಮನೆಯವರು ಮಾತ್ರ 'ನಮ್ಮ ಹುಡುಗ ಫ್ಯಾಕ್ಟರಿ ಸೇರಿದ' ಎಂದೇ ಹೇಳಿಕೊಳ್ಳುತ್ತಿದ್ದರು, ಹೆಣ್ಣು ಕೊಡುವವರೂ ಅದನ್ನು ನಂಬುತ್ತಿದ್ದರು. ಜೊತೆಗೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಪಡೆದ ಎಂಪ್ಲಾಯ್‌ಮೆಂಟ್ ಕಾರ್ಡ್ ಬೇರೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಆ ಕಾರ್ಡನ್ನು ರಿನೀವಲ್ ಮಾಡಿಸುವುದು ತಪ್ಪಿದರೆ ಇಷ್ಟು ವರ್ಷ ಕಾದ ಸೀನಿಯಾರಿಟಿಯೇ ಹೋಗುವುದೆಂಬ ಭಯದಿಂದ, ಬೆಂಗಳೂರಿನಲ್ಲಿ ಕೂಲಿಗಿದ್ದವನೂ ಆ ದಿನಕ್ಕೆ ಸರಿಯಾಗಿ ಬಂದು ಸರದಿಯಲ್ಲಿ ನಿಲ್ಲುತ್ತಿದ್ದ.

ತೊಂಬತ್ತರ ದಶಕದಲ್ಲಿ ಈ ವ್ಯವಸ್ಥೆ ಸಡಿಲವಾಯಿತು. ಎಲ್ಲವೂ ಸಮನಾಗಿದ್ದರೆ ನೇರ ನೇಮಕದಲ್ಲಿ ತರಬೇತಾದ ಶಿಶಿಕ್ಷುವಿಗೆ ಆದ್ಯತೆ ಇರಲಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಮರುವರ್ಷ, ವಿನಿಮಯ ಕಚೇರಿ ಕಳಿಸಿದ ಹೆಸರುಗಳಿಗಷ್ಟೇ ನೇಮಕವನ್ನು ಸೀಮಿತಗೊಳಿಸಬಾರದು, ಬಹಿರಂಗ ಪ್ರಕಟಣೆಯೂ ಬೇಕು ಎಂದಿತು. ಎರಡೂ ನ್ಯಾಯವಾದ ಮಾತೇ, ಆದರೆ ಕಾರ್ಡಿಗಿದ್ದ ಬೆಲೆ ಅಲ್ಲಿಗೆ ಕುಸಿಯಿತು. ಅದೇ 1996ರಲ್ಲಿ ಜಾವಾ ಕಾರ್ಖಾನೆಯೂ ಮುಚ್ಚಿತು. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದ 2006ರ ತೀರ್ಪಿನ ನಂತರವಂತೂ ಸರ್ಕಾರಿ ಕಚೇರಿಗಳಲ್ಲಿ ತಾತ್ಕಾಲಿಕವಾಗಿ ಸೇರಿ ಕಾಯಂ ಆಗುವ ಹಳೆಯ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು.

ಆಮೇಲೆ ಯೋಜನೆಗಳ ಹೆಸರು ಬೇಗಬೇಗ ಬದಲಾದವು. ಶಿಶಿಕ್ಷು ಕಾಯ್ದೆಗೆ ಬಂದ 2014ರ ತಿದ್ದುಪಡಿಯು ತರಬೇತಾದವರನ್ನು ನೇಮಿಸಿಕೊಳ್ಳುವ ನೀತಿಯನ್ನು ಪ್ರತಿ ಸಂಸ್ಥೆಯೂ ತಾನೇ ರೂಪಿಸಿಕೊಳ್ಳಲಿ ಎಂದಿತು. ನೀತಿ ಹೇಗಿರಬೇಕೆಂದು ಹೇಳಲಿಲ್ಲ. 2016ರಿಂದ ಸ್ಟೈಪೆಂಡಿನ ಕಾಲು ಭಾಗವನ್ನು, 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರವೇ ಭರಿಸತೊಡಗಿತು. 2024ರ ಅಕ್ಟೋಬರಿನಲ್ಲಿ ಆರಂಭವಾದ ಇಂಟರ್ನ್‌ಶಿಪ್ ಯೋಜನೆಯಲ್ಲಿ ಮೊದಲಿಗೆ ತಿಂಗಳ 5,000 ರೂಪಾಯಿ ಪೈಕಿ 4,500 ಸರ್ಕಾರದ್ದು, 500 ಕಂಪನಿಯದು ಆಗಿತ್ತು. ಆಗ ಅವಧಿ ಹನ್ನೆರಡು ತಿಂಗಳು, ವಯಸ್ಸು 21ರಿಂದ 24. ಐದು ವರ್ಷದಲ್ಲಿ ಒಂದು ಕೋಟಿ ಮಂದಿಗೆ ಅವಕಾಶ ಎಂಬುದು ಘೋಷಣೆ. ಮೊದಲ ಸುತ್ತಿನಲ್ಲಿ ಕಂಪನಿಗಳು 1.27 ಲಕ್ಷ ಅವಕಾಶಗಳನ್ನು ಮುಂದಿಟ್ಟವು, ಆದರೆ ಒಪ್ಪಿಕೊಂಡವರು ಸುಮಾರು 28,000, ಸೇರಿದವರು ಸುಮಾರು 8,700.

ಹುಡುಗರಿಗೆ ಆಸಕ್ತಿಯಿಲ್ಲ ಎಂದು ಬೈಯುವ ಮೊದಲು ಲೆಕ್ಕ ಹಾಕಿ ನೋಡಬಹುದು. ಕೆ.ಆರ್. ಪೇಟೆಯಿಂದ ಬಂದವನು ಹೆಬ್ಬಾಳಿನಲ್ಲಿ ಇನ್ನಿಬ್ಬರೊಡನೆ ರೂಮು ಹಂಚಿಕೊಂಡು, ಎರಡು ಹೊತ್ತು ಮೆಸ್ಸಿನಲ್ಲಿ ಉಂಡರೆ ಆ 5,000ದಲ್ಲಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಬೇರೆ ರಾಜ್ಯದಲ್ಲಿ ಅವಕಾಶ ಬಂದರೆ ಮನೆಯಿಂದಲೇ ತರಿಸಿಕೊಳ್ಳಬೇಕು. ಇತ್ತ ಶಿಶಿಕ್ಷು ವೇತನ ಪಡೆಯುವವನು ಯುವನಿಧಿಗೆ ಅರ್ಹನಲ್ಲ. ಕಾರ್ಮಿಕ ಕಾನೂನಿನ ಕಣ್ಣಿಗೆ ಕೆಲಸದಲ್ಲಿಲ್ಲದ ಅದೇ ಹುಡುಗ, ಭತ್ಯೆಯ ಅರ್ಜಿಯ ಮುಂದೆ ಕೆಲಸದಲ್ಲಿರುವವನಾಗುತ್ತಾನೆ.