ಫ್ಲಾಸ್ಕ್ ಒದ್ದೆ ಇದ್ದರೆ ಇರಲಿ ಬಿಡಿ

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಚಿಕ್ಕಬಳ್ಳಾಪುರದ ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಅಳೆದ ದ್ರಾವಣಕ್ಕೆ ಬಣ್ಣ ತಿರುಗುವವರೆಗೆ ಆಸಿಡ್ ಬಿಡುವ ಟೈಟ್ರೇಷನ್ನಿನಲ್ಲಿ, ಇದೊಂದು ತಪ್ಪುವುದಿಲ್ಲ. ದ್ರಾವಣ ಅಳೆದು ಹಾಕುವ ಪಿಪೆಟ್ಟನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ರಿನ್ಸ್ ಮಾಡಿದ ಕೈಯಲ್ಲೇ ಮಕ್ಕಳು ಕೋನಿಕಲ್ ಫ್ಲಾಸ್ಕನ್ನೂ ಶ್ರದ್ಧೆಯಿಂದ ರಿನ್ಸ್ ಮಾಡುತ್ತಾರೆ. ಆಸಿಡ್ ಬಿಡುವ ಬ್ಯೂರೆಟ್ಟಿಗೆ ಮಾಡಿದ್ದಾಯಿತು, ಪಿಪೆಟ್ಟಿಗೂ ಆಯಿತು, ಇದೇನು ಪಾಪ ಮಾಡಿದೆ ಅಂತ.

ಬೇಡ ಕಣ್ರಪ್ಪಾ! ಬ್ಯೂರೆಟ್, ಪಿಪೆಟ್ ಒಳಗೆ ನೀರು ಉಳಿದರೆ ದ್ರಾವಣ ಅಳೆಯುವ ಮೊದಲೇ ತೆಳುವಾಗುತ್ತದೆ. ಅದಕ್ಕೇ ಅವಕ್ಕೆ ಅದರದರ ದ್ರಾವಣದಲ್ಲೇ ರಿನ್ಸ್. ಫ್ಲಾಸ್ಕಿಗೆ ಬೀಳುವುದು ಆಗಲೇ ಅಳೆದು ಮುಗಿದ 10 ಮಿ.ಲೀ. ಅದರಲ್ಲಿ ಎಷ್ಟು ಕಾರ್ಬೊನೇಟ್ ಇದೆಯೋ ಅಷ್ಟಕ್ಕೆ ತಕ್ಕ ಆಸಿಡ್ ಬೇಕು, ಫ್ಲಾಸ್ಕಿನಲ್ಲಿ ನೀರಿದ್ದರೂ ಅಷ್ಟೇ. ಒಂದು ಚಮಚ ಉಪ್ಪನ್ನು ಒಂದು ಲೋಟ ನೀರಿಗೆ ಹಾಕಿದರೂ ಎರಡು ಲೋಟಕ್ಕೆ ಹಾಕಿದರೂ ಉಪ್ಪು ಒಂದೇ ಚಮಚ ಅಲ್ವಾ? ಆದರೆ ಫ್ಲಾಸ್ಕನ್ನು ಕಾರ್ಬೊನೇಟಿನಲ್ಲೇ ರಿನ್ಸ್ ಮಾಡಿದರೆ ಗೋಡೆಗೆ ಅಂಟಿದ್ದು ಲೆಕ್ಕಕ್ಕೆ ಬಾರದೆ ಸೇರಿಕೊಳ್ಳುತ್ತದೆ. 0.3 ಮಿ.ಲೀ. ಉಳಿದರೂ ಶೇ. 3ರಷ್ಟು ತಪ್ಪು.

ಬಾಗೇಪಲ್ಲಿ ಕಡೆಯ ಹುಡುಗಿಯೊಬ್ಬಳು ನನ್ನ ಜೊತೆ ವಾದಕ್ಕೇ ನಿಂತಳು. ‘ಸರ್, ಆಸಿಡ್ಡಿನ ಮೂರೂ ರೀಡಿಂಗ್ 10.3 ಮಿ.ಲೀ. ಬಂದಿದೆ. ಹೆಂಗೆ ತಪ್ಪಾಗುತ್ತೆ?’ ಒಳ್ಳೆ ಪ್ರಶ್ನೆ. ಮೂರು ಸಲವೂ ಒಂದೇ ಥರ ರಿನ್ಸ್ ಮಾಡಿದರೆ ತಪ್ಪೂ ಒಂದೇ ಥರ ಬರುತ್ತದಮ್ಮಾ ಅಂದೆ. ಒಪ್ಪಲಿಲ್ಲ. ಸರಿ, ಅವಳ ಫ್ಲಾಸ್ಕನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆಸಿ, 10 ಮಿ.ಲೀ. ಕಾರ್ಬೊನೇಟ್ ಹಾಕಿಸಿ, ಮೇಲೆ ಬೇಕಂತಲೇ ಇನ್ನೊಂದಿಷ್ಟು ಡಿಸ್ಟಿಲ್ಡ್ ವಾಟರ್ ಸುರಿದೆ. ರೀಡಿಂಗ್ 10.0 ಬಂತು. ಪಕ್ಕದವಳ ಹತ್ತಿರ ತೆಲುಗಿನಲ್ಲಿ ಏನೋ ಗೊಣಗಿ, ಹಳೇ ರೀಡಿಂಗ್ ಹೊಡೆದು ಹಾಕಿದಳು. ಇಂಥ ಮಕ್ಕಳು ನನಗೆ ಇಷ್ಟ. ಪಕ್ಕದವರದ್ದು ನೋಡಿ ಸುಮ್ನೆ 10.0 ಬರೆಯುವವರಿಗಿಂತ ಎಷ್ಟೋ ವಾಸಿ.

ನೀರು ಅಂದರೆ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಅದೂ ಆಸಿಡ್ ಕುಡಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪೊರೆ ನೋಡಿಲ್ವಾ? ಲೀಟರಿಗೆ 300 ಮಿ.ಗ್ರಾಂ. ಕ್ಷಾರತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಇರುವ ನೀರು 10 ಮಿ.ಲೀ. ಸೇರಿತು ಅಂದುಕೊಳ್ಳಿ. ಆಸಿಡ್ ಸಾಕಾದದ್ದನ್ನು ತೋರಿಸುವ ಮೀಥೈಲ್ ಆರೆಂಜ್ ಬಣ್ಣ ತಿರುಗುವಷ್ಟರಲ್ಲಿ 0.1 ನಾರ್ಮಲ್ ಸಾಂದ್ರತೆಯ ಆಸಿಡ್ ಸುಮಾರು 0.6 ಮಿ.ಲೀ. ಹೆಚ್ಚು ಕುಡಿದಿರುತ್ತದೆ. ಒಂದೊಂದು ಬೋರ್‌ವೆಲ್ಲಿಗೆ ಈ ಲೆಕ್ಕ ಬೇರೆ, ಇದನ್ನೇ ರೆಕಾರ್ಡಿನಲ್ಲಿ ಬರೆಯಬೇಡಿ.

ಡಿಸ್ಟಿಲ್ಡ್ ವಾಟರ್ ಅಂತ ಫ್ಲಾಸ್ಕ್ ತುಂಬಾ ಸುರಿಯುವುದೂ ಬೇಡ, ಬಣ್ಣ ಪೇಲವವಾಗಿ ಅದು ತಿರುಗುವ ಎಂಡ್ ಪಾಯಿಂಟ್ ಕಾಣುವುದಿಲ್ಲ. ಬ್ಯೂರೆಟ್ ಮೇಲಿನ ಫನಲ್ ತೆಗೆಯಿರಿ, ಮೂತಿಯ ಗಾಳಿಗುಳ್ಳೆ ಬಿಡಿಸಿ. ಇವೆಲ್ಲ ನಿಮಗೆ ಗೊತ್ತಿರುವುದೇ. ಆಮೇಲೆ, ಫ್ಲಾಸ್ಕಿನ ಒಳಗೆ ಕರ್ಚೀಫ್ ತುರುಕಿ ಒರೆಸುವವರು ದಯವಿಟ್ಟು ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.