ಆರು ಟನ್ನಿನ ಮನೆ ಓರೆ ನೆಲದ ಮೇಲೆ ಹೇಗೆ ನಿಲ್ಲುತ್ತದೆ?

ಕಂಟೇನರ್ ಸಾಗಿಸುವ ಟ್ರೇಲರ್ ಲಾರಿಗಳನ್ನು ಹೆದ್ದಾರಿಯಲ್ಲಿ ನೋಡಿರುತ್ತೀರಿ. ಟ್ರೇಲರಿನ ಹೊಟ್ಟೆಯ ಕೆಳಗೆ, ಮುಂಭಾಗದಲ್ಲಿ, ಎರಡು ಕಬ್ಬಿಣದ ಕಾಲುಗಳಿರುತ್ತವೆ. ಎಂಜಿನ್ ಇರುವ ಭಾಗ ಕಳಚಿಕೊಂಡು ಹೋದಾಗ ಟ್ರೇಲರಿನ ಮೂತಿ ನೆಲಕ್ಕೆ ಬೀಳದಂತೆ ಹಿಡಿಯುವುದು ಅವೇ. ಅದಕ್ಕೆ ಲ್ಯಾಂಡಿಂಗ್ ಗೇರ್ ಅನ್ನುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ಇದೇ ಏರ್ಪಾಡನ್ನು ಮನೆಗೂ ಜೋಡಿಸಿದ್ದಾರೆ. ಅಲ್ಲಿನ ಫಿಫ್ತ್ ವೀಲ್ ಕ್ಯಾಂಪಿಂಗ್ ಟ್ರೇಲರ್ ಎಂದರೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲಾ ಇರುವ ಮನೆ. ಅದರ ಮೂತಿಯಡಿ 2 ಇಂಚು ದಪ್ಪದ ಉಕ್ಕಿನ ಗೂಟ ಇರುತ್ತದೆ, ಹೆಸರು ಕಿಂಗ್‌ಪಿನ್. ಪಿಕಪ್ ಟ್ರಕ್ಕಿನ ಹಿಂಬದಿಯ ತೊಟ್ಟಿಯಲ್ಲಿ ಕೂರಿಸಿದ ದವಡೆ ಆ ಗೂಟವನ್ನು ಕಚ್ಚಿ ಹಿಡಿದು ಎಳೆಯುತ್ತದೆ.

ಕಂಟೇನರ್ ನಿಲ್ಲುವುದು ಸಾಮಾನ್ಯವಾಗಿ ಡಿಪೋದ ಗಟ್ಟಿ ನೆಲದಲ್ಲಿ. ಈ ಮನೆಗಳು ಹಾಗಲ್ಲ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಸುತ್ತಲಿನ ಮರುಭೂಮಿಯಲ್ಲಿ ಚಳಿಗಾಲ ಬಂತೆಂದರೆ ಇಂಥ ಸಾವಿರಾರು ಗಾಡಿಗಳು ಬೀಡು ಬಿಡುತ್ತವೆ. ಅಲ್ಲಿ ಜಲ್ಲಿ ನೆಲ, ನಡುನಡುವೆ ಮಳೆನೀರು ಕೊರೆದ ಹಳ್ಳ. ಅಲ್ಲಿ ಗಾಡಿಯನ್ನು ಸಮಮಟ್ಟಕ್ಕೆ ತರುವುದು ಒಂದು ಕೆಲಸವೇ.

ಸ್ವಲ್ಪ ಓರೆಯಾದರೆ ಏನಾಗುತ್ತದೆ? ಬಚ್ಚಲಲ್ಲಿ ನೀರು ಮೂಲೆಗೆ ನಿಲ್ಲುತ್ತದೆ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಮಲಗಿದರೆ ತಲೆ ಕೆಳಗಾದ ಹಾಗೆ ಅನಿಸುತ್ತದೆ. ಇವನ್ನೆಲ್ಲ ಸಹಿಸಿಕೊಳ್ಳಬಹುದು. ಫ್ರಿಜ್ ಮಾತ್ರ ಸಹಿಸಿಕೊಳ್ಳುವುದಿಲ್ಲ. ಇಂಥ ಎಷ್ಟೋ ಗಾಡಿಗಳಲ್ಲಿರುವುದು ಗ್ಯಾಸ್ ಉರಿಯಿಂದ ನಡೆಯುವ ಫ್ರಿಜ್. ಸ್ವೀಡನ್ನಿನಲ್ಲಿ ಬಾಲ್ಟ್ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ರೂಪಿಸಿದ ವಿಧಾನ ಅದು. ಅದರಲ್ಲಿ ಕಂಪ್ರೆಸರ್ ಇಲ್ಲ, ಪಂಪ್ ಇಲ್ಲ, ತಿರುಗುವ ಒಂದು ಭಾಗವೂ ಇಲ್ಲ. ಅಮೋನಿಯ ಬೆರೆತ ನೀರು ಬಿಸಿಯಾಗಿ ಗುಳ್ಳೆಗಳೊಂದಿಗೆ ಮೇಲೇರುತ್ತದೆ. ಆಮೇಲೆ ಕೊಂಚವೇ ಇಳಿಜಾರಿರುವ ಕೊಳವೆಗಳಲ್ಲಿ ತನ್ನ ಭಾರಕ್ಕೇ ಹರಿದು ವಾಪಸ್ ಬರುತ್ತದೆ. ಇಡೀ ಯಂತ್ರವನ್ನು ನಡೆಸುವುದು ಬೆಂಕಿ ಮತ್ತು ಗುರುತ್ವ, ಅಷ್ಟೇ.

ಗಾಡಿ ಓರೆಯಾದರೆ ಆ ಇಳಿಜಾರು ಕೆಡುತ್ತದೆ. ದ್ರವ ವಾಪಸ್ ಬರದೆ ಅಲ್ಲಲ್ಲೇ ನಿಲ್ಲುತ್ತದೆ. ಕುದಿಯುವ ಜಾಗ ಒಣಗಿ ಅತಿಯಾಗಿ ಕಾಯುತ್ತದೆ. ತುಕ್ಕು ಹಿಡಿಯದಿರಲಿ ಎಂದು ಒಳಗೆ ಸೇರಿಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಕೊಳವೆಯನ್ನು ಮುಚ್ಚಿಬಿಡುತ್ತದೆ. ಆಮೇಲೆ ರಿಪೇರಿ ಇಲ್ಲ, ಆ ಭಾಗವನ್ನೇ ಬದಲಿಸಬೇಕು. ಹೀಗಾಗಿ ತಯಾರಕರು ಸಾಮಾನ್ಯವಾಗಿ ಒಂದು ದಿಕ್ಕಿಗೆ 3 ಡಿಗ್ರಿ, ಇನ್ನೊಂದು ದಿಕ್ಕಿಗೆ 6 ಡಿಗ್ರಿಗಿಂತ ಜಾಸ್ತಿ ಓರೆ ಬೇಡ ಅನ್ನುತ್ತಾರೆ. ರಸ್ತೆಯಲ್ಲಿ ಓಡುವಾಗ ಓರೆ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ, ದ್ರವ ಹೇಗೋ ಹರಿದುಬಿಡುತ್ತದೆ. ತೊಂದರೆ ಇರುವುದು ಓರೆಯಾಗಿ ನಿಂತೇ ಇದ್ದಾಗ. ಈಚಿನ ಹಲವು ಗಾಡಿಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬಂದಿದೆ, ಅದಕ್ಕೆ ಈ ಚಿಂತೆ ಕಡಿಮೆ.

ಈಗ ಕಾಲಿನ ವಿಷಯ. ನನಗೆ ಇದರಲ್ಲಿ ಅತ್ಯಂತ ಹಿಡಿಸಿದ ಭಾಗ ಇದೇ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟುವುದಿಲ್ಲ. ನಾಲ್ಕು ಕಾಲಿನದು ಕುಂಟುತ್ತದೆ, ಅಲ್ವಾ? ಯಾವ ಮೂರು ಬಿಂದುಗಳ ಮೇಲೂ ಒಂದು ಸಮತಲ ಕೂರುತ್ತದೆ. ನಾಲ್ಕನೆಯದು ಆ ಸಮತಲದಲ್ಲೇ ಇರಬೇಕೆಂದಿಲ್ಲ. ಟ್ರಕ್ಕಿಗೆ ಜೋಡಿಸಿಕೊಂಡಿರುವಾಗ ಫಿಫ್ತ್ ವೀಲ್‌ಗೆ ಮೂರೇ ಆಧಾರ: ಮುಂದೆ ಕಿಂಗ್‌ಪಿನ್, ಹಿಂದೆ ಎಡ ಚಕ್ರಗಳು, ಬಲ ಚಕ್ರಗಳು. ಒಂದೊಂದು ಬದಿಯಲ್ಲಿ ಎರಡು ಚಕ್ರಗಳಿದ್ದರೂ ಅವುಗಳ ಸ್ಪ್ರಿಂಗುಗಳ ನಡುವೆ ತಕ್ಕಡಿ ದಂಡಿನ ರೀತಿಯ ಒಂದು ತುಂಡು ಇರುತ್ತದೆ. ಅದು ಭಾರವನ್ನು ಎರಡಕ್ಕೂ ಹಂಚುವುದರಿಂದ ಅವು ಒಂದೇ ಆಧಾರದಂತೆ ನಡೆದುಕೊಳ್ಳುತ್ತವೆ. ಟ್ರಕ್ ಕಳಚಿ ಎರಡು ಕಾಲು ಊರಿದ ಕೂಡಲೇ ಆಧಾರಗಳು ನಾಲ್ಕಾಗುತ್ತವೆ. ಆರು ಟನ್ನಿನ ಮನೆ ಕುಂಟಲಾರದು. ಅದರ ಬದಲು ಚೌಕಟ್ಟು ತಿರುಚಿಕೊಳ್ಳುತ್ತದೆ. ಬಾಗಿಲು ಬಿಗಿಯಾಗುತ್ತದೆ, ಹೊರಕ್ಕೆ ಜಾರುವ ಕೋಣೆ ಸಿಕ್ಕಿಕೊಳ್ಳುತ್ತದೆ.

ಇದು ಅರ್ಥವಾದರೆ ಕೆಲಸದ ಕ್ರಮವೂ ಅರ್ಥವಾಗುತ್ತದೆ. ಎಡ-ಬಲದ ಓರೆಯನ್ನು ಟ್ರಕ್ ಕಳಚುವ ಮೊದಲೇ ಸರಿ ಮಾಡಬೇಕು, ಮೂರು ಆಧಾರ ಇರುವಾಗಲೇ. ತಗ್ಗಿನ ಬದಿಯ ಚಕ್ರಗಳನ್ನು ಹಲಗೆಗಳ ಮೇಲೆ ಹತ್ತಿಸಿದರೆ ಸಾಕು. ಎರಡು ಬದಿಯ ಚಕ್ರಗಳ ನಡುವೆ 2 ಮೀಟರ್ ಇದ್ದರೆ 3 ಡಿಗ್ರಿ ಎಂದರೆ ಸುಮಾರು 10 ಸೆಂ.ಮೀ. ಎತ್ತರ. ಗಾರೆ ಕೆಲಸದವರ ರಸಮಟ್ಟ ಇಲ್ಲೂ ನಡೆಯುತ್ತದೆ. ನಂತರ ಚಕ್ರ ಉರುಳದಂತೆ ತಡೆ ಇಟ್ಟು, ಕಾಲು ಇಳಿಸಿ, ಟ್ರಕ್ ಬಿಡಿಸಬೇಕು. ಹಿಂದೆ-ಮುಂದಿನ ಓರೆಯನ್ನು ಕೊನೆಗೆ ಕಾಲುಗಳಿಂದ ಸರಿಪಡಿಸಬೇಕು.

ಅನೇಕ ಗಾಡಿಗಳಲ್ಲಿ ಎರಡೂ ಕಾಲಿಗೆ ಒಂದೇ ಮೋಟಾರು, ನಡುವೆ ಒಂದು ಅಡ್ಡ ಸರಳು. ಎರಡೂ ಸಮಸಮ ಇಳಿಯುತ್ತವೆ, ಒಂದನ್ನು ಮಾತ್ರ ಇಳಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ಕಾಲಿನೊಳಗೆ ಇನ್ನೊಂದು ಕಾಲು ಇರುತ್ತದೆ. ಪಿನ್ ಎಳೆದು ಅದನ್ನು ಬೇಕಾದ ತೂತಿಗೆ ಕೂರಿಸಬಹುದು. ಎರಡು ಪಾದಗಳೂ ಹೆಚ್ಚುಕಡಿಮೆ ಒಟ್ಟಿಗೆ ನೆಲ ಮುಟ್ಟುವ ಹಾಗೆ ಮೊದಲೇ ಹೊಂದಿಸಿಕೊಳ್ಳಬೇಕು. ಉಳಿದ ಅಂತರವನ್ನು ಹಲಗೆ ತುಂಬುತ್ತದೆ.

ಹಲಗೆಗೆ ಇನ್ನೂ ಒಂದು ಕೆಲಸವಿದೆ. ಗಾಡಿಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಕಿಂಗ್‌ಪಿನ್ ಮೇಲಿರುತ್ತದೆ. ಆರು ಟನ್ನಿಗೆ 1200 ಕಿಲೋ. ಕಾಲುಗಳು ಇರುವುದು ಕಿಂಗ್‌ಪಿನ್‌ಗಿಂತ ಹಿಂದೆ, ಚಕ್ರಕ್ಕೆ ಹತ್ತಿರ. ಸನ್ನೆಕೋಲಿನ ಲೆಕ್ಕದಂತೆ ಅವುಗಳ ಮೇಲಿನ ಭಾರ ಇನ್ನೂ ಜಾಸ್ತಿ. ಪಿನ್ ಚಕ್ರದಿಂದ 7 ಮೀಟರ್, ಕಾಲು 5.6 ಮೀಟರ್ ದೂರ ಇದ್ದರೆ 1500 ಕಿಲೋ. ಒಂದೊಂದು ಕಾಲಿಗೆ 750. ಪಾದ 20 ಸೆಂ.ಮೀ. ಚೌಕವಾದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.9 ಕಿಲೋ. ರಾತ್ರಿ ಮಳೆ ಬಂದರೆ ಮೆತ್ತನೆ ಮಣ್ಣಿನಲ್ಲಿ ಇದು ಇಳಿಯುತ್ತದೆ, ಅದೂ ಒಂದೇ ಕಡೆ. ಕೆಳಗೆ 40 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾಲನ್ನು ಗಿಡ್ಡವಾಗಿ ಇಡುವುದಕ್ಕೂ ಅದು ಬೇಕು. ಉದ್ದ ಎರಡು ಪಟ್ಟಾದರೆ ಅದೇ ಬಲಕ್ಕೆ ಕಾಲು ಎಂಟು ಪಟ್ಟು ಬಾಗುತ್ತದೆ. ಒಳಗೆ ಯಾರಾದರೂ ಓಡಾಡಿದಾಗ ಮನೆ ತೂಗುವುದಕ್ಕೆ ಇದೂ ಒಂದು ಕಾರಣ.

ಮೋಟಾರು ನಿಂತ ಮೇಲೂ ಇಷ್ಟು ಭಾರ ಕೆಳಗೆ ಜಾರುವುದಿಲ್ಲ. ಕಾಲಿನೊಳಗಿನ ತಿರುಪಿನ ಎಳೆಗಳ ಇಳಿಜಾರು ಅಷ್ಟು ಕಡಿಮೆ. ಭಾರ ಎಷ್ಟೇ ಒತ್ತಿದರೂ ಘರ್ಷಣೆ ತಿರುಪನ್ನು ತಿರುಗಲು ಬಿಡುವುದಿಲ್ಲ. ಇದಕ್ಕೆ ಬೆಲೆಯೂ ಇದೆ: ತಾನಾಗಿ ಜಾರದ ತಿರುಪಿನಲ್ಲಿ, ಎತ್ತುವಾಗ ಹಾಕಿದ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಘರ್ಷಣೆಗೇ ಹೋಗುತ್ತದೆ. ಕೊಡಲೇಬೇಕಾದ ಬೆಲೆ ಅದು. 1500 ಕಿಲೋ ಭಾರವನ್ನು 30 ಸೆಂ.ಮೀ. ಎತ್ತಲು ನಿಜವಾಗಿ ಬೇಕಾದದ್ದು ಸುಮಾರು 1.2 ವಾಟ್-ಗಂಟೆ ಶಕ್ತಿ. ಮುಕ್ಕಾಲು ಭಾಗ ನಷ್ಟವಾದರೂ ಒಂದು ಮೊಬೈಲ್ ಬ್ಯಾಟರಿಯಲ್ಲಿ ಅಷ್ಟು ಇರುತ್ತದೆ.

ದುಬಾರಿ ಗಾಡಿಗಳಲ್ಲಿ ನಾಲ್ಕು ಅಥವಾ ಆರು ಹೈಡ್ರಾಲಿಕ್ ಜಾಕುಗಳಿದ್ದು, ಗುಂಡಿ ಒತ್ತಿದರೆ ತಾವೇ ಮಟ್ಟಕ್ಕೆ ಬರುತ್ತವೆ. ಓರೆ ಅಳೆಯುವುದು ಮೊಬೈಲಿನಲ್ಲಿ ಇರುವಂಥದೇ ಪುಟ್ಟ ಸಿಲಿಕಾನ್ ಸೆನ್ಸರ್. ಅಲ್ಲೂ ಜಾಕುಗಳು ಜೋಡಿಯಾಗಿಯೇ ಏರುತ್ತವೆ, ಒಂಟಿ ಮೂಲೆ ಎತ್ತಿದರೆ ಚೌಕಟ್ಟು ತಿರುಚುತ್ತದೆ.

ಹೊರಡುವಾಗ ಎಲ್ಲವೂ ತಿರುವುಮುರುವು. ಮೂತಿಯನ್ನು ಟ್ರಕ್ಕಿನ ಎತ್ತರಕ್ಕೆ ತಂದು, ಕಿಂಗ್‌ಪಿನ್ ದವಡೆಗೆ ಸೇರಿಸಬೇಕು. ಕೆಲವೊಮ್ಮೆ ದವಡೆ ಮುಚ್ಚಿದ ಹಾಗೆ ಕಂಡರೂ ಪಿನ್ ಅದರ ಮೇಲೆ ಸುಮ್ನೆ ಕೂತಿರುತ್ತದೆ. ಹಾಗೇ ಹೊರಟರೆ ಮನೆ ಟ್ರಕ್ಕಿನ ತೊಟ್ಟಿಯ ಮೇಲೆ ಬೀಳುತ್ತದೆ. ಆದ್ದರಿಂದ ಅನುಭವಸ್ಥರು ಕಾಲುಗಳನ್ನು ಆಗಲೇ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ. ನೆಲಕ್ಕೆ ತಾಗಿಯೂ ತಾಗದಷ್ಟು ಎತ್ತಿ, ಚಕ್ರದ ತಡೆ ಹಾಗೇ ಬಿಟ್ಟು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡುತ್ತಾರೆ. ದವಡೆ ಹಿಡಿದಿದ್ದರೆ ಟ್ರಕ್ ಅಲ್ಲೇ ನಿಲ್ಲುತ್ತದೆ. ಹಿಡಿಯದಿದ್ದರೆ ಮನೆ ತನ್ನ ಕಾಲ ಮೇಲೆಯೇ ಇಳಿದು ನಿಲ್ಲುತ್ತದೆ.